ಹಾಲಮ್ಮನ ಹೆಸರಿನ ಮುಂದಿನ ಷರಾ

೧೯೬೪ನೇ ಇಸವಿ, ಜೂನ್ ೧೪, ಭಾನುವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಅಜ್ಜಂಪುರ.

ಹತ್ತು ನಿಮಿಷದ ಹಿಂದೆ ನಮ್ಮ ಮನೆಯೊಡತಿ ಗಂಗಮ್ಮನವರು ಗೋಡೆಯ ಆಚೆಯಿಂದ, "ಮೇಷ್ಟ್ರಮ್ಮಾ, ನಮ್ಮನೇಲಿ ಉಪ್ಪು ತುಂಬೈತೆ ಕಣ್ರೀ, ಒಂದು ಹಿಡಿ ಕೊಡ್ರೀ" ಎಂದು ಕೂಗಿದರು. ಕೊಟ್ಟು ಬಂದು, ಕೈ ಒರೆಸಿಕೊಂಡು, ದಿನಚರಿಯ ಈ ಪುಸ್ತಕ ತೆಗೆದು ಕೂತಿದ್ದೇನೆ. ಇವತ್ತು ಬರೆಯಬೇಕೆಂದಿದ್ದುದು ಮಳೆಯ ಲೆಕ್ಕ. ಉಪ್ಪು ಅದನ್ನು ಕೆಡಿಸಿತು.

ಉಪ್ಪು ತುಂಬಿರುವವರು ಉಪ್ಪನ್ನೇಕೆ ಕೇಳುತ್ತಾರೆ ಎಂದು ದೂರದೂರಿನವರು ಕೇಳಬಹುದು. ನಮ್ಮ ಕಡೆ ಮನೆಗೆ ಬೇಕಾದ ವಸ್ತು ಮುಗಿದರೆ ಅದನ್ನು 'ಇಲ್ಲ' ಎನ್ನುವಂತಿಲ್ಲ. ಹಾಗೆಂದರೆ ಇಲ್ಲದ್ದೇ ಮನೆಯಲ್ಲಿ ನೆಲೆಸಿಬಿಡುತ್ತದಂತೆ. ಅಕ್ಕಿ ಮುಗಿದರೆ ಅಕ್ಕಿ ತುಂಬಿತು, ಬಳೆ ಒಡೆದರೆ ಬಳೆ ಹೆಚ್ಚಿತು, ದೀಪ ಆರಿಸಬೇಕಾದರೆ ದೀಪ ದೊಡ್ಡದು ಮಾಡು. ಎದ್ದು ಹೊರಟವರು 'ಹೋಗ್ತೀನಿ' ಎನ್ನುವುದಿಲ್ಲ, 'ಬತ್ತೀನಿ' ಎನ್ನುತ್ತಾರೆ. ಈ ಭಾಷೆಯನ್ನು ಹಾಲಿನ ಜೊತೆ ಕುಡಿದವರಿಗೆ ಕಷ್ಟವಿಲ್ಲ. ಎಲ್ಲವನ್ನೂ ಅಂಕಣ ಹಾಕಿ ಬರೆದಿಡುವ ನನ್ನಂಥವರಿಗೆ ಕಷ್ಟ.

ನಾನು ಬೆಳೆದದ್ದು ಕಡೂರಿನಲ್ಲಿ. ಅಪ್ಪ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ಒಂದು ಬದಿ ಮಾತ್ರ ಬರೆದ ಹಳೆಯ ಕಾಗದಗಳನ್ನು ಅವರು ಮನೆಗೆ ತರುತ್ತಿದ್ದರು. ಅವನ್ನು ದಬ್ಬಳದಲ್ಲಿ ಹೊಲಿದು ಮಾಡಿದ್ದು ನನ್ನ ಮೊದಲ ದಿನಚರಿ. ಗೂಡ್ಸ್ ಗಾಡಿಗೆ ಎಷ್ಟು ಡಬ್ಬಿ, ಹಿತ್ತಲಿನ ನುಗ್ಗೆಮರದಲ್ಲಿ ಎಷ್ಟು ಕಾಯಿ, ಅಜ್ಜಿ ದಿನಕ್ಕೆ ಎಷ್ಟು ಸಲ ಸೀನಿದರು, ಎಲ್ಲಕ್ಕೂ ಅದರಲ್ಲಿ ಗೀಟುಗಳಿವೆ. ಪ್ರತಿ ಸಾಲಿನ ಕೊನೆಗೆ 'ಷರಾ' ಎಂಬ ಅಂಕಣವಿರಬೇಕು ಎಂದು ಕಲಿಸಿದವರು ಅಪ್ಪ. "ಲೆಕ್ಕಕ್ಕೆ ಸಿಗದ್ದನ್ನ ಅಲ್ಲಿ ಬರೀಬೇಕು ಕಣಮ್ಮ. ಷರಾ ಇಲ್ಲದ ಪಟ್ಟಿ ಮೂಗಿಲ್ಲದ ಮುಖ" ಎನ್ನುತ್ತಿದ್ದರು.

ಆ ಪುಸ್ತಕದಲ್ಲಿ, ನನಗೆ ಹತ್ತು ವರ್ಷವಿದ್ದಾಗಿನ ಒಂದು ಪುಟದಲ್ಲಿ, 'ನಮ್ಮ ಮನೆಯಲ್ಲಿ ಅಕ್ಕಿ ತುಂಬಿದ ದಿನಗಳು' ಎಂಬ ತಲೆಬರಹವಿದೆ. ಆ ತಿಂಗಳಲ್ಲಿ ನಾಲ್ಕು ಗೀಟು. ನಮ್ಮದು ರಾಗಿಯ ಮನೆ. ಅಕ್ಕಿ ಕಾಣುತ್ತಿದ್ದುದು ನೆಂಟರು ಬಂದಾಗ. ನೆಂಟರು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಂತೆ ಅಜ್ಜಿ ನನ್ನ ಕೈಗೊಂದು ಪಾವು ಕೊಟ್ಟು, "ಪಕ್ಕದ ಮನೆಗೋಗಿ, ನಮ್ಮನೇಲಿ ಅಕ್ಕಿ ತುಂಬೈತಂತೆ ಅನ್ನು" ಎಂದು ಅಟ್ಟುತ್ತಿದ್ದರು. ನಾನು ಹಾಗೇ ಅನ್ನುತ್ತಿದ್ದೆ, ಅವರು ಪಾವು ತುಂಬಿಸಿ ಕಳಿಸುತ್ತಿದ್ದರು. ತುಂಬಿದ ಮನೆಗೆ ಮತ್ತೂ ತುಂಬಿಸಿ ಕಳಿಸುವ ಈ ಲೋಕ ಬಹಳ ಉದಾರವಾದದ್ದು ಎಂದುಕೊಂಡಿದ್ದೆ. ಸ್ಕೂಲಿನಲ್ಲಿ ಎದ್ದು ನಿಂತು, ಈ ತಿಂಗಳು ನಮ್ಮ ಮನೆಯಲ್ಲಿ ನಾಲ್ಕು ಸಲ ಅಕ್ಕಿ ತುಂಬಿತು ಎಂದು ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದ್ರೆ ಐದನೇ ಸಲ ತುಂಬಿದಾಗ ನಮಗೆಲ್ಲ ಊಟಕ್ಕೆ ಹೇಳಮ್ಮ" ಎಂದರು. ಇಡೀ ತರಗತಿ ನಕ್ಕಿತು.

ಅಜ್ಜಿಗೆ ವರದಿ ಒಪ್ಪಿಸಿದಾಗ ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ನ! ತುಂಬೈತೆ ಅಂದ್ರೆ ಖಾಲಿ ಕಣೇ."

"ಹಂಗಾದ್ರೆ ನಿಜವಾಗ್ಲೂ ತುಂಬಿದ್ರೆ ಏನಂತಾರೆ?"

"ನಿಜವಾಗ್ಲೂ ತುಂಬಿದ್ರೆ ಯಾಕೆ ಬಾಯಿ ಬಿಡ್ಬೇಕು? ಸುಮ್ಕಿರ್ತಾರೆ."

ಅದನ್ನು ಷರಾ ಅಂಕಣದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ನೆನಪಿರುವುದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಹನ್ನೆರಡು ವರ್ಷದ ಮೇಲೆ ಅದೇ ಮಾತಿಗೆ ನಾನು ಮತ್ತೆ ಎಡವಿದೆ. ಈ ಸಲ ನಗೆಗೀಡಾದದ್ದು ನಾನಲ್ಲ. ಹಾಲಮ್ಮ ಎಂಬ ಒಬ್ಬ ಮುದುಕಿಗೆ ಸಿಗಬೇಕಾಗಿದ್ದ ಕೋಣೆ ತಪ್ಪಿತು.

ಆ ಕೋಣೆಯ ವಿಷಯಕ್ಕೆ ಬರುವ ಮುನ್ನ ನನ್ನ ಕೋಣೆಯ ವಿಷಯ ಹೇಳಬೇಕು. ನಾನು ಪ್ರೈಮರಿ ಸ್ಕೂಲಿನ ಉಪಾಧ್ಯಾಯಿನಿಯಾಗಿ ಅಜ್ಜಂಪುರಕ್ಕೆ ಬಂದದ್ದು ೧೯೬೦ರ ಜೂನ್‌ನಲ್ಲಿ. ಬಾಡಿಗೆಗೆ ಒಂದು ಕೋಣೆ ಸಿಗಲು ಇಪ್ಪತ್ತಮೂರು ದಿನ ಬೇಕಾಯಿತು. ಅಲ್ಲಿಯವರೆಗೆ ದಿನವೂ ಕಡೂರಿನಿಂದ ರೈಲಿನಲ್ಲಿ ಓಡಾಡಿದೆ. ಹದಿನೇಳು ಮನೆ ಕೇಳಿದೆ. ರೈಲಿನವರು, ಹತ್ತಿ ಮಿಲ್ಲಿನವರು, ಹೊಸ ಹೈಸ್ಕೂಲಿನವರು, ಬಸ್ಸಿನವರು, ಎಲ್ಲರೂ ನನಗಿಂತ ಮೊದಲೇ ಬಂದು ಊರಿನ ಮೂಲೆಮೂಲೆ ಹಿಡಿದಿದ್ದರು. ಒಂದು ಮನೆಯಲ್ಲಿ ಕೊಟ್ಟಿಗೆಯನ್ನು ಅರ್ಧ ಮಾಡಿ ಅಂಚೆಯವರಿಗೆ ಕೊಟ್ಟಿದ್ದರು. ಎತ್ತು ಮತ್ತು ಅಂಚೆಯವರು ಒಂದೇ ಕಿಟಕಿಯಿಂದ ಬೀದಿ ನೋಡುತ್ತಿದ್ದರು. ಕೊನೆಗೆ ಗಂಗಮ್ಮನವರ ಯಜಮಾನರು ಕಡಲೆಕಾಯಿ ತುಂಬುತ್ತಿದ್ದ ಉಗ್ರಾಣವನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ನನಗೆ ಕೊಟ್ಟರು. ಈಗಲೂ ಜೋರಾಗಿ ಗುಡಿಸಿದರೆ ನೆಲದ ಬಿರುಕಿನಿಂದ ಕಡಲೆಸಿಪ್ಪೆಯ ಕೆಂಪು ಧೂಳು ಏಳುತ್ತದೆ. ಮೊದಲ ಮಳೆಗಾಲದಲ್ಲಿ ಇಲಿ ಮೂವತ್ತೊಂದು ಸಲ ಬಂತು. ತಾರೀಖುಗಳಿವೆ, ಬೇಕಾದವರಿಗೆ ತೋರಿಸಬಲ್ಲೆ.

ನನ್ನ ಪಟ್ಟಿಯ ಚಟ ಊರಿನಲ್ಲಿ ಬೇಗ ಪ್ರಸಿದ್ಧಿಯಾಯಿತು. ೧೯೬೨ರ ಬೇಸಿಗೆ ರಜೆಯಲ್ಲಿ ಕಡಲೆಕಾಯಿ ವ್ಯಾಪಾರದ ಮರುಳಪ್ಪನವರು ನನ್ನನ್ನು ಕರೆಸಿದರು. ದೊಡ್ಡ ಹೊಟ್ಟೆ, ಅದಕ್ಕೂ ದೊಡ್ಡ ಧ್ವನಿ, ಎರಡರ ನಡುವೆ ಮೆತ್ತಗಿನ ಮನಸ್ಸು. ಮಠದವರು ಸಂತೆಮಾಳದ ಹಿಂದೆ ಒಂದು ತುಂಡು ಜಾಗ ಕೊಟ್ಟಿದ್ದರು. ಊರಿನ ನಾಲ್ಕೈದು ಹಿರಿಯರು ಸೇರಿ ಸಾಲುಮನೆ ಸಮಿತಿ ಮಾಡಿಕೊಂಡಿದ್ದರು. ಮನೆಯಿಲ್ಲದ ಮುದುಕರಿಗೆ ಎಂಟು ಕೋಣೆ ಕಟ್ಟುವುದು ಅವರ ಯೋಚನೆ.

"ಯಾರಿಗೆ ಕೊಡಬೇಕು ಅನ್ನೋದೇ ತಲೆನೋವು ತಾಯಿ" ಎಂದರು ಮರುಳಪ್ಪನವರು. "ನಾನು ಬರೆದ್ರೆ ನನ್ನೋರು ಅಂತಾರೆ, ಅವ್ರು ಬರೆದ್ರೆ ಅವ್ರೋರು ಅಂತಾರೆ. ನೀನು ಕಡೂರೋಳು, ನಿಂಗೆ ಯಾರೂ ಇಲ್ಲ. ನೀನು ಬರಿ."

ಅವರು ಕೇಳಿದ್ದು ಮೂರು ಅಂಕಣ: ಹೆಸರು, ವಯಸ್ಸು, ಮನೆ ಉಂಟೋ ಇಲ್ಲವೋ. ನಾನು ಹನ್ನೊಂದು ಹಾಕಿದೆ. ಮಲಗುವ ಜಾಗದ ಉದ್ದ ಅಗಲ, ಮಾಡು ಹೆಂಚಿನದೋ ಹುಲ್ಲಿನದೋ, ನೀರಿಗೆ ಎಷ್ಟು ಹೆಜ್ಜೆ, ಎಲ್ಲವೂ ಇತ್ತು. ಹನ್ನೊಂದನೆಯದು ಷರಾ. ಹತ್ತು ಅಂಕಣ ಎಳೆದ ಮೇಲೆ ಅದಕ್ಕೆ ಉಳಿದದ್ದು ಎರಡು ಬೆರಳಿನಷ್ಟು ಜಾಗ.

ವಯಸ್ಸಿನ ಅಂಕಣವೇ ನನ್ನನ್ನು ಹಣ್ಣುಮಾಡಿತು. ಮೊದಲನೆಯ ದಿನ ಇದು ಮುದುಕರಿಗೆ ಸಿಡುಬಿನ ದೇವಿ ಹಾಕುವವರ ಪಟ್ಟಿ ಎಂದು ಸುದ್ದಿಯಾಗಿ, ಎಲ್ಲರೂ ತಮ್ಮ ವಯಸ್ಸು ಇಳಿಸಿದರು. ಎರಡನೆಯ ದಿನ ಕೋಣೆ ಕೊಡುತ್ತಾರೆ ಎಂದು ಗೊತ್ತಾಗಿ, ಅವರೇ ಬಂದು ಏರಿಸಿದರು. ಬೆಳಿಗ್ಗೆ ಐವತ್ತೈದಿದ್ದವರು ಮಾರನೆಯ ದಿನ ಎಪ್ಪತ್ತಾದರು. ಎಮ್ಮೆದೊಡ್ಡಿ ಕಾವಲಿನಲ್ಲಿ ಜೀವಮಾನವೆಲ್ಲ ದನ ಕಾಯ್ದು, ಈಗ ಹತ್ತಿ ಮಿಲ್ಲಿನ ಗೋಡೆಯ ಪಕ್ಕ ಗೋಣಿ ಕಟ್ಟಿಕೊಂಡಿದ್ದ ಕೆಂಚಪ್ಪ, "ಮರುಳಪ್ಪನ ಅಪ್ಪನಿಗಿಂತ ನಾನು ಒಂದು ಹಬ್ಬಕ್ಕೆ ದೊಡ್ಡೋನು, ಅಷ್ಟೇ ಗೊತ್ತು" ಎಂದ. ಯಾವ ಹಬ್ಬ ಎಂದು ಕೇಳಿದೆ. "ಅದನ್ನ ಅವನಪ್ಪನ್ನೇ ಕೇಳ್ಬೇಕು, ಅವ್ನು ಹೋಗಿ ಇಪ್ಪತ್ತು ವರ್ಷ ಆಯ್ತು" ಎಂದ.

ನಾಲ್ಕನೆಯ ದಿನ ವೀರಣ್ಣನವರ ಮನೆಯ ಮುಂದೆ ನಿಂತೆ. ಇಬ್ಬರು ಅಣ್ಣತಮ್ಮಂದಿರ ಸಂಸಾರ, ಪಕ್ಕದ ಕೋಣೆಯಲ್ಲಿ ಬಾಡಿಗೆಗೆ ರೈಲಿನವರೊಬ್ಬರು, ಒಳಗೆ ಎರಡು ತೊಟ್ಟಿಲು. ಜಗಲಿಯ ಮೇಲೆ ಒಬ್ಬ ಸಣ್ಣಗಾತ್ರದ ಅಜ್ಜಿ ಮೊರ ಹಿಡಿದು ಕಾಳು ಹಸನು ಮಾಡುತ್ತಿದ್ದರು. ಒಂದು ಮಗು ಅವರ ತೊಡೆಯ ಮೇಲೆ ಮಲಗಿತ್ತು, ಇನ್ನೊಂದು ಬೆನ್ನಿಗೆ ಜೋತುಬಿದ್ದಿತ್ತು. ಕೊರಳಲ್ಲಿ ಬಿಳಿ ದಾರಕ್ಕೆ ಕಟ್ಟಿದ ಲಿಂಗದ ಕರಡಿಗೆ. ಹೆಸರು ಹಾಲಮ್ಮ ಎಂದರು. ವಯಸ್ಸು ಕೇಳಿದೆ. "ಪ್ಲೇಗಿಗೆ ಊರು ಬಿಟ್ಟಾಗ ಕೋಳಿ ಬುಟ್ಟಿ ಹೊತ್ಕಂಡು ನಡೆದಿದ್ದೆ. ಎಷ್ಟಾಗಿರ್ಬೋದು ನೀವೇ ಹಾಕ್ಕಳಿ" ಎಂದರು. ಬುಟ್ಟಿ ಹೊರುವ ವಯಸ್ಸು ಲೆಕ್ಕ ಹಾಕಿ ಎಪ್ಪತ್ತು ಎಂದು ಬರೆದೆ.

"ಮನೆ ಅಜ್ಜಿ?"

ಹಾಲಮ್ಮ ಮೊರ ಕೊಡವಿದರು. "ತುಂಬೈತೆ ಕಣವ್ವ" ಎಂದರು.

ಅದೇ ಹೊತ್ತಿಗೆ ಒಳಗಿನಿಂದ ಮೂರು ಮಕ್ಕಳು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಬಂದು ನನ್ನ ರಿಜಿಸ್ಟರಿನ ಮೇಲೆ ಬಿದ್ದವು. ತೊಟ್ಟಿಲಿನ ಕೂಸು ಕಿರುಚಿತು, ಯಾರೋ ಬೈದರು, ಪಾತ್ರೆ ಉರುಳಿತು. ನಾನು ಬಗ್ಗಿ ನೋಡಿ ತಲೆ ಎಣಿಸಿದೆ, ಹದಿನಾಲ್ಕು. "ಕಾಣ್ತದೆ ಬಿಡಿ ಅಜ್ಜಿ" ಎಂದು ನಕ್ಕೆ. ಅವರೂ ನಕ್ಕರು. ಷರಾ ಅಂಕಣದ ಆ ಎರಡು ಬೆರಳಿನ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: 'ತುಂಬಿದ ಮನೆ. ಜನ ಹದಿನಾಲ್ಕು. ಕೊರತೆ ಇಲ್ಲ.'

ಅಕ್ಕಿ ತುಂಬುವುದು ಗೊತ್ತಿತ್ತು. ಎಣ್ಣೆ, ಉಪ್ಪು, ಅರಿಶಿನ ಕುಂಕುಮ ತುಂಬುವುದು ಗೊತ್ತಿತ್ತು. ಮನೆಯೂ ತುಂಬುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಹುಶಃ ಹಾಗೆ ಹೇಳುವ ರೂಢಿಯೂ ಇಲ್ಲ. ತನಗೆ ಮನೆಯಿಲ್ಲ ಎಂದು ಬಾಯಿಬಿಟ್ಟು ಹೇಳಲು ಮನಸ್ಸು ಬಾರದೆ, ಅಕ್ಕಿಗೆ ಹೇಳುವ ಮಾತನ್ನು ಹಾಲಮ್ಮ ಮನೆಗೆ ಹೇಳಿದರು. ಅವರ ಪ್ರಕಾರ ಅವರು ಬರೆಸಿದ್ದಾಗಿತ್ತು. ಎಂಟೊಂಬತ್ತು ತಿಂಗಳು ನನ್ನನ್ನು ಬೀದಿಯಲ್ಲಿ ಕಂಡಾಗಲೆಲ್ಲ ನಕ್ಕರು, ಒಂದು ಸಲವೂ ಕೋಣೆಯ ಮಾತೆತ್ತಲಿಲ್ಲ. ಬರೆಸಿದ ಮೇಲೆ ಮತ್ತೆ ಕೇಳುವುದು ಮರ್ಯಾದೆಯಲ್ಲವಂತೆ.

೧೯೬೩ರ ಫೆಬ್ರವರಿಯಲ್ಲಿ, ಸಂತೆಯ ದಿನ, ಹೊಸ ಸಾಲುಮನೆಯ ಮುಂದೆ ಹೆಸರು ಓದಿದರು. ಎಂಟು ಬಾಗಿಲು, ಎಂಟು ಬೀಗ. ಹಾಲಮ್ಮ ಒಗೆದ ಸೀರೆ ಉಟ್ಟು, ಕಂಬಳಿ ಸುತ್ತಿದ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮರುಳಪ್ಪನವರು ಎಂಟನೆಯ ಹೆಸರು ಓದಿ ಕಾಗದ ಮಡಿಸಿದರು. ಅವರು ಮಡಿಸಿದ್ದು ಹಾಲಮ್ಮನಿಗೆ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ನನ್ನ ಹತ್ತಿರ ಬಂದರು.

"ನನ್ನೆಸ್ರು ಹಾಳೆ ಹಿಂದ್ಗಡೆ ಐತೇನವ್ವ?"

"ನಿಮ್ಮ ಹೆಸರು ಯಾಕಿರ್ತದೆ ಅಜ್ಜಿ? ನಿಮಗೆ ಮನೆ ಇದೆಯಲ್ಲ. ತುಂಬಿದ ಮನೆ ಅಂತ ನೀವೇ ಹೇಳಿದ್ರಿ."

ನನ್ನ ಪಕ್ಕದಲ್ಲಿ ನಿಂತಿದ್ದ ಗಂಗಮ್ಮನವರು ನನ್ನ ಮುಖವನ್ನೇ ನೋಡಿದರು. "ಏನಂದ್ರಂತೆ? ತುಂಬೈತೆ ಅಂದ್ರಂತಾ? ಅಯ್ಯೋ ಶಿವನೇ! ಮೇಷ್ಟ್ರಮ್ಮ, ಓದಿದ್ದು ಕಿವಿಗೂ ಹತ್ತಿಬಿಡ್ತಾ ನಿಮ್ಗೆ? ಆ ಯಮ್ಮಂಗೆ ಮನೇನೂ ಇಲ್ಲ, ಮಠಾನೂ ಇಲ್ಲ. ವೀರಣ್ಣನ ಜಗಲಿ ಮ್ಯಾಲೆ ಅದೆಷ್ಟು ದಿನದಿಂದ ಮಲಗ್ತೈತೆ!"

ಹಾಲಮ್ಮ ಗಂಗಮ್ಮನವರನ್ನೇ ಗದರಿದರು. "ಸುಮ್ನಿರೇ, ಹುಡ್ಗಿ ಬೇಕಂತ ಬರೆದೈತಾ? ನಾನೇ ಸರಿಯಾಗಿ ಹೇಳ್ಲಿಲ್ಲ."

ಮರುಳಪ್ಪನವರ ಬಳಿ ಓಡಿದೆ. ಅವರು ರಿಜಿಸ್ಟರ್ ತರಿಸಿ, ನನ್ನ ಅಕ್ಷರವನ್ನು ನನಗೇ ತೋರಿಸಿದರು. "ಹಾಲಮ್ಮ ನಂಗೆ ಗೊತ್ತಿಲ್ವಾ ತಾಯಿ? ನಮ್ಮಂಗಡೀಲೇ ಕಡಲೆಕಾಯಿ ಹಸನು ಮಾಡ್ತಿದ್ಲು. ನಿನ್ನ ಬರಹ ನೋಡಿ, ವೀರಣ್ಣ ಕೊನೆಗೂ ಒಳಗೆ ಸೇರಿಸ್ಕಂಡ ಅಂತ ಸಂತೋಷಪಟ್ಟೆ. ಕೊರತೆ ಇಲ್ಲ ಅಂತ ಬರೆದಿದ್ದೀಯ!"

"ತಪ್ಪಾಯ್ತು. ಈಗ ಸರಿಮಾಡಿ."

"ಹೆಂಗೆ ಸರಿಮಾಡ್ಲಿ? ಎಂಟು ಕೋಣೆ, ಎಂಟು ಬೀಗದ ಕೈ, ಎಂಟೂ ಕೊಟ್ಟಾಗೈತೆ. ನೀನೇ ಹೇಳು, ಯಾರ ಕೈಯಿಂದ ಕಿತ್ಕಳ್ಲಿ?"

ಎಂಟು ಜನರೂ ತಮ್ಮ ತಮ್ಮ ಬಾಗಿಲ ಮುಂದೆ ನಿಂತಿದ್ದರು. ಒಬ್ಬಾಕೆ ಬೀಗದ ಕೈಯನ್ನು ಆಗಲೇ ತಾಳಿಯಂತೆ ಕೊರಳ ದಾರಕ್ಕೆ ಕಟ್ಟಿಕೊಂಡಿದ್ದರು. ಇನ್ನೊಬ್ಬರು ಬಾಗಿಲನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡುತ್ತಿದ್ದರು. ಒಬ್ಬೊಬ್ಬರ ಮಲಗುವ ಜಾಗವನ್ನೂ ನಾನು ಅಳೆದಿದ್ದೆ.

ಆಗ ಕೆಂಚಪ್ಪ ತನ್ನ ಬಾಗಿಲಿನಿಂದ ಕೂಗಿದ. "ಯಾಕೆ ರಗಳೆ? ನನ್ನ ಕೋಣೇಲೇ ಅರ್ಧ ಇರ್ಲಿ. ನಾನು ಬಯಲಾಗೆ ಮಲಗೋನು."

"ಲೇ ಕೆಂಚಾ, ಈ ವಯಸ್ಸಿಗೆ ಬಾಸಿಂಗ ಬೇಕೇನೋ?" ಎಂದು ಯಾರೋ ಸಂತೆಯ ಕಡೆಯಿಂದ ಕೂಗು ಹಾಕಿದರು. ಎಲ್ಲರೂ ಗೊಳ್ಳೆಂದರು.

ಹಾಲಮ್ಮನೂ ನಕ್ಕರು. "ಇವ್ನ ಗೊರಕೆಗೆ ಎಮ್ಮೆದೊಡ್ಡಿ ದನವೇ ಹಗ್ಗ ಕಿತ್ಕಂಡು ಓಡ್ತಿದ್ವಂತೆ. ನಾನೆಲ್ಲಿ ತಡೀಲಿ?" ಎಂದು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ಬಂದ ದಾರಿಯಲ್ಲೇ ಹೊರಟರು. ಜಾಗ ಇನ್ನೂ ಇದೆ, ಕಲ್ಲು ಹೆಂಚು ಒದಗಿದಾಗ ಒಂಬತ್ತನೆಯದನ್ನೂ ಕಟ್ಟೋಣ ಎಂದು ಮರುಳಪ್ಪನವರು ಹೇಳಿದ್ದನ್ನು ನಾನು ಹಿಂದೆಯೇ ಓಡಿ ಅವರಿಗೆ ಮುಟ್ಟಿಸಿದೆ. "ಆಗ್ಲಿ ಬಿಡವ್ವ, ಆದಾಗ ಆಗ್ಲಿ" ಎಂದರು.

ಅಂದಿನಿಂದ ಸ್ಕೂಲು ಮುಗಿಸಿ ಬರುವಾಗ ಆ ಜಗಲಿಯಲ್ಲಿ ಕಾಲು ಗಂಟೆ ಕೂರುವುದು ನನ್ನ ರೂಢಿಯಾಯಿತು. ಎಡಗಿವಿ ಅವರಿಗೆ ಕೇಳಿಸುತ್ತಿರಲಿಲ್ಲ, ಬಲಗಡೆ ಕೂರಬೇಕಿತ್ತು. ಮಾತಾಡುವಾಗ ಕೈಯಲ್ಲಿ ಮೊರ ಇರಲಿ ಇಲ್ಲದಿರಲಿ, ಹೆಬ್ಬೆರಳು ತೋರುಬೆರಳು ಕಾಳು ಉಜ್ಜುತ್ತಲೇ ಇರುತ್ತಿದ್ದವು. ಗಂಡ ಬೇಗ ಹೋದ ಮೇಲೆ ಅವರು ಯಾವುದೇ ಮನೆಯಲ್ಲಿ ವಾಸಿಸಿದವರಲ್ಲ, ಉಗ್ರಾಣಗಳಲ್ಲಿ ವಾಸಿಸಿದವರು. ಯಾವ ವ್ಯಾಪಾರಿಯ ಕಾಳು ಹಸನು ಮಾಡುತ್ತಾರೋ ಅವರ ಉಗ್ರಾಣದಲ್ಲಿ ಮೂಟೆಗಳ ಪಕ್ಕ ಮಲಗುವುದು. ಕಾವಲೂ ಆಯಿತು, ನೆರಳೂ ಆಯಿತು. ಉಗ್ರಾಣಗಳು ಒಂದೊಂದಾಗಿ ಬಾಡಿಗೆ ಕೋಣೆಗಳಾದಾಗ ಅವರು ಜಗಲಿಗೆ ಬಂದರು.

ಒಂದು ದಿನ ತಾವಾಗಿ ಕೇಳಿದರು. "ಗಂಗಮ್ಮನ ಉಗ್ರಾಣದಾಗೆ ಮೂಡಗಡೆ ಮೂಲೇಲಿ ಇಲಿ ಬಿಲ ಇತ್ತಲ್ಲ, ಮುಚ್ಚಿದ್ರಾ?"

ಇಲಿಯ ತಾರೀಖುಗಳೆಲ್ಲ ನನ್ನ ಬಳಿ ಇದ್ದವು. ಬಿಲ ಎಲ್ಲಿದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. "ನಿಮಗೆ ಹೇಗೆ ಗೊತ್ತು?" ಎಂದೆ.

"ಹನ್ನೆರಡು ವರ್ಷ ಅಲ್ಲೇ ಮಲಗಿದ್ನಲ್ಲವ್ವ. ನೀನು ಬತ್ತೀಯ ಅಂತ ಸುಣ್ಣ ಹೊಡೆದಿದ್ದೂ ನಾನೇ."

ಮನೆಗೆ ಬಂದು ಮೂಡಗಡೆಯ ಮೂಲೆಯಲ್ಲಿ ಟ್ರಂಕು ಸರಿಸಿ ನೋಡಿದೆ. ಬಿಲ ಇತ್ತು.

ಆ ವಾರದ ದಿನಚರಿಯಲ್ಲಿ ಒಂದು ಪುಟವನ್ನು ಎರಡು ಭಾಗ ಮಾಡಿ, ಕೋಣೆ ಬಿಟ್ಟುಕೊಡಲು ಕಾರಣಗಳು, ಬಿಡದಿರಲು ಕಾರಣಗಳು ಎಂದು ಬರೆದಿದ್ದೇನೆ. ನಾನು ಬಿಟ್ಟರೆ ಒಂದು ಗಂಟೆಯಲ್ಲಿ ಇನ್ನೊಬ್ಬರು ಬಾಡಿಗೆಗೆ ಬರುತ್ತಾರೆ, ಹಾಲಮ್ಮನಿಗೆ ಅದು ಸಿಗುವುದಿಲ್ಲ. ಬಿಡದಿರುವ ಕಡೆ ಬರೆದ ಈ ಕಾರಣ ನಿಜವಾದದ್ದೇ. ನಮ್ಮಿಬ್ಬರಿಗೂ ಅಲ್ಲಿ ಜಾಗವಿದೆ, ಬನ್ನಿ ಎಂದು ಕರೆಯಬಹುದಿತ್ತು. ಅದನ್ನು ಆ ಪುಟದ ಯಾವ ಭಾಗದಲ್ಲೂ ನಾನು ಬರೆದಿಲ್ಲ. ಆಗ ಹೊಳೆಯಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

೧೯೬೩ರ ಜುಲೈ ಒಂಬತ್ತರಂದು ವೀರಣ್ಣನವರ ಜಗಲಿಗೆ ಗೋಡೆ ಎಬ್ಬಿಸಲು ಇಟ್ಟಿಗೆ ಬಂತು. ಬಸ್ಸಿನ ಕಂಡಕ್ಟರೊಬ್ಬರಿಗೆ ಬಾಡಿಗೆಗೆ ಕೊಡಲು. ವೀರಣ್ಣನವರು ಕೆಟ್ಟವರಲ್ಲ. ಹೆಣ್ಣುಮಕ್ಕಳು ಬೆಳೆಯುತ್ತಿದ್ದರು, ಮನೆಯ ಖರ್ಚೂ ಬೆಳೆಯುತ್ತಿತ್ತು. "ಹಾಲವ್ವ ಹಿತ್ತಲಾಗೆ ಇರ್ಲಿ, ಯಾರು ಬ್ಯಾಡ ಅಂದೋರು" ಎಂದೂ ಹೇಳಿದ್ದರು. ಹನ್ನೊಂದನೆಯ ತಾರೀಖು ಸಂಜೆ, ನಾನು ಕಾಪಿ ಪುಸ್ತಕ ತಿದ್ದುತ್ತಿದ್ದಾಗ, ಹಾಲಮ್ಮ ನನ್ನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಕೋಣೆಯನ್ನು ಒಂದು ಸಲ ಸುತ್ತ ನೋಡಿದರು.

"ಬತ್ತೀನಿ ಕಣವ್ವ" ಎಂದರು.

"ಆಗ್ಲಿ ಅಜ್ಜಿ, ನಾಳೆ ನಾನೇ ಬರ್ತೀನಿ" ಎಂದೆ. ತಲೆ ಎತ್ತಿದೆನೋ ಇಲ್ಲವೋ ನೆನಪಿಲ್ಲ. ಅಂದು ತಿದ್ದಿದ ಪುಸ್ತಕಗಳು ಮೂವತ್ತೆಂಟು.

ಮಾರನೆಯ ದಿನ ಅವರಿರಲಿಲ್ಲ. ತರೀಕೆರೆಗೆ ಹೋದರು, ಅಲ್ಲಿ ಗಂಡನ ಕಡೆಯವರಿದ್ದಾರೆ ಎಂದು ಒಬ್ಬರು. ಸಿಂಗಟಗೆರೆ ಸಂತೆಯಲ್ಲಿ ಕೊಬ್ಬರಿ ಒಡೆಯುತ್ತ ಕೂತಿದ್ದನ್ನು ಕಂಡೆ ಎಂದು ಇನ್ನೊಬ್ಬರು. ನನ್ನ ಹನ್ನೊಂದು ಅಂಕಣಗಳಲ್ಲಿ ಊರು ಯಾವುದು, ಬಂಧುಗಳು ಯಾರು ಎಂಬ ಅಂಕಣ ಇರಲಿಲ್ಲ. ನೀರಿಗೆ ಎಷ್ಟು ಹೆಜ್ಜೆ ಎಂಬುದು ಮಾತ್ರ ಸರಿಯಾಗಿತ್ತು.

ಈ ವರ್ಷದ ಬೇಸಿಗೆ ರಜೆಯಲ್ಲಿ ಚಿಕ್ಕಮ್ಮನ ಮನೆಗೆಂದು ತರೀಕೆರೆಗೆ ಹೋದಾಗ ಮೂರು ದಿನ ಬೀದಿ ಬೀದಿ ಹುಡುಕಿದೆ. ಕಾಲುವೆ ಕೆಲಸಕ್ಕೆ ಬಂದ ಓವರ್‌ಸಿಯರುಗಳು, ಮೇಸ್ತ್ರಿಗಳು, ಅವರ ಹಿಂದೆ ಬಂದ ಅಂಗಡಿಯವರು ಊರನ್ನು ಅಂಚಿನವರೆಗೆ ತುಂಬಿಸಿದ್ದರು. ಜಗಲಿಗಳನ್ನು ಹುಡುಕುತ್ತ ಹೊರಟವಳಿಗೆ ಸಿಕ್ಕಿದ್ದು ಹೊಸ ಇಟ್ಟಿಗೆಯ ಗೋಡೆಗಳು. ಚಿಕ್ಕಮ್ಮನ ಬೀದಿಯಲ್ಲಿ ಇಪ್ಪತ್ತಾರು ಮನೆ, ತೆರೆದ ಜಗಲಿ ಐದು. ನಾನು ಚಿಕ್ಕವಳಿದ್ದಾಗ ಆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೆಲಕ್ಕೆ ಕಾಲಿಡದೆ ಜಗಲಿಯಿಂದ ಜಗಲಿಗೆ ಹಾರಿಕೊಂಡು ಹೋಗುತ್ತಿದ್ದೆವು. ದಾರಿಯಲ್ಲಿ ಪ್ರತಿ ಮೂರನೆಯ ಜಗಲಿಯಲ್ಲಿ ಒಬ್ಬ ಮುದುಕರೋ ಮುದುಕಿಯೋ ಇರುತ್ತಿದ್ದರು, ನಮ್ಮನ್ನು ಬೈಯುತ್ತಿದ್ದರು. ಅವರು ಆ ಮನೆಯವರೇ ಎಂದುಕೊಂಡಿದ್ದೆವು. ಎಷ್ಟು ಜನ ಆ ಮನೆಯವರಾಗಿರಲಿಲ್ಲವೋ ಈಗ ಯೋಚಿಸುತ್ತೇನೆ. ಊರು ಬೆಳೆದರೆ ಸ್ಕೂಲೆಲ್ಲಿ, ಆಸ್ಪತ್ರೆಯೆಲ್ಲಿ, ಮಸಣವೆಲ್ಲಿ ಎಂದು ಹಿರಿಯರು ನಕ್ಷೆ ಹಾಕುತ್ತಾರೆ. ಆಸ್ಪತ್ರೆಗೂ ಮಸಣಕ್ಕೂ ನಡುವೆ ಇರುವ ಇಪ್ಪತ್ತು ವರ್ಷವನ್ನು ನಕ್ಷೆಯಲ್ಲಿ ಯಾರೂ ಹಾಕುತ್ತಿರಲಿಲ್ಲ. ಹಾಕುವ ಅಗತ್ಯವಿರಲಿಲ್ಲ, ಜಗಲಿ ಇತ್ತು. ಈಗ ಮನೆಗಳ ಲೆಕ್ಕ ತೆಗೆದರೆ ಕಡೂರು, ಅಜ್ಜಂಪುರ, ತರೀಕೆರೆ, ನಮ್ಮ ಮೂರೂ ಊರುಗಳಲ್ಲಿ ಮನೆ ಹೆಚ್ಚಾಗಿದೆ. ವೀರಣ್ಣನವರ ಒಂದು ಮನೆಯೇ ಈಗ ಮೂರು ಮನೆ. ಹಾಲಮ್ಮ ಮಾತ್ರ ಆ ಲೆಕ್ಕದಲ್ಲಿ ಕಳೆದುಹೋದರು.

ಈ ಮೇ ತಿಂಗಳಿನಲ್ಲಿ ಒಂಬತ್ತನೆಯ ಕೋಣೆಗೆ ಹೆಂಚು ಹೊದೆಸಿದರು. ಮರುಳಪ್ಪನವರು ಮಾತು ಮರೆತಿರಲಿಲ್ಲ. ನನ್ನನ್ನು ಕರೆಸಿ, "ಶ್ರಾವಣ ಮುಗಿಯೋವರ್ಗೂ ಹಾಲಮ್ಮನ ಹೆಸರಿಗೆ ಹಿಡಿದಿಟ್ಟಿರ್ತೀನಿ. ಅಷ್ಟರಾಗೆ ಹುಡುಕ್ಕಂಡು ಬಾ. ಆಮೇಲೆ ನನ್ನ ಕೈಲಾಗಲ್ಲ ತಾಯಿ, ಕಾಯೋರು ದಿನಾ ಅಂಗಡಿಗೆ ಬಂದು ಕೂರ್ತಾರೆ" ಎಂದರು.

ಗೊತ್ತಿದ್ದವರಿಗೆಲ್ಲ ಕಾಗದ ಬರೆದೆ. ಒಂದು ಕಡೂರಿಗೆ, ಎರಡು ತರೀಕೆರೆಗೆ, ಒಂದು ಸಿಂಗಟಗೆರೆಯ ಉಪಾಧ್ಯಾಯರೊಬ್ಬರಿಗೆ. ನಾಲ್ಕು ಕಡೆಯಿಂದಲೂ ಉತ್ತರ ಬಂತು, ನಾಲ್ವರೂ ನೀವು ಹೇಳಿದವರು ಸಿಕ್ಕಿದರು ಎಂದೇ ಬರೆದರು. ಕಡೂರಿನಲ್ಲಿ ಸಿಕ್ಕವರು ಛತ್ರದ ಅಡುಗೆಮನೆಯ ಹಿಂದೆ ಇರುವ ಒಬ್ಬ ಹಾಲಮ್ಮ, ಆದರೆ ಎತ್ತರದವರು, ಎರಡೂ ಕಿವಿ ಚೆನ್ನಾಗಿ ಕೇಳಿಸುತ್ತದೆ. ತರೀಕೆರೆಯವರು ಬಸ್‌ಸ್ಟ್ಯಾಂಡಿನ ಒಬ್ಬ ಗೌರಮ್ಮನನ್ನು, ಸಾಮಿಲ್ಲಿನ ಪಕ್ಕದ ಹೆಸರು ಹೇಳದ ಒಬ್ಬರನ್ನು ಬರೆದಿದ್ದರು. ಸಿಂಗಟಗೆರೆಯಲ್ಲಿ ಕೊಬ್ಬರಿ ಒಡೆಯುವಾಕೆಯನ್ನು ಕಳೆದ ಭಾನುವಾರ ನಾನೇ ಹೋಗಿ ನೋಡಿ ಬಂದೆ. ಅವರು ಬೇರೆ. ನನ್ನನ್ನು ಕಂಡು ಎದ್ದು ನಿಂತು, ಗಂಟು ಎತ್ತಿಕೊಂಡು, "ಈಗ್ಲೇ ಹೊರಡಾನೇನವ್ವ?" ಎಂದರು. ಅವರಿಗೆ ಏನು ಹೇಳಿ ಬಂದೆ ಎಂಬುದನ್ನು ಇಲ್ಲಿ ಬರೆಯಲು ಇನ್ನೂ ಮನಸ್ಸು ಬರುತ್ತಿಲ್ಲ.

ಆದ್ದರಿಂದ ದಿನಚರಿಯ ಈ ಪುಟಗಳನ್ನು ಪತ್ರಿಕೆಗೆ ಕಳಿಸಿ, ಓದುತ್ತಿರುವ ನಿಮ್ಮನ್ನು ಕೇಳುತ್ತೇನೆ. ನಾನು ಹುಡುಕುತ್ತಿರುವ ಹಾಲಮ್ಮ ಸಣ್ಣಗಾತ್ರದವರು, ಬಿಳಿ ದಾರದ ಕರಡಿಗೆ, ಎಡಗಿವಿ ಮಂದ, ಬರಿಗೈಯಲ್ಲೂ ಕಾಳು ಉಜ್ಜುತ್ತಾರೆ. ಕಂಡಿದ್ದರೆ, ಕಂಡವರನ್ನು ಬಲ್ಲಿರಾದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೊಂದು ಕಾರ್ಡು ಹಾಕಿ. ಗುರುತು ಪೂರ್ತಿ ಹೊಂದದಿದ್ದರೂ ಬರೆಯಿರಿ. ಅವರು ಬೇರೆ ಯಾರೋ ಎಂದು ನಿಮಗೆ ಖಚಿತವಾಗಿ ಗೊತ್ತಿದ್ದರೂ ಬರೆಯಿರಿ, ಹೆಸರು, ಊರು, ಈಗ ಮಲಗುತ್ತಿರುವ ಜಾಗ. ನಿನ್ನೆ ಸಂಜೆ ಸಂತೆಮಾಳದ ಹಿಂದೆ ಹೋಗಿ, ಒಂಬತ್ತನೆಯ ಕೋಣೆಯ ಗೋಡೆಯಿಂದ ಬೇಲಿಯವರೆಗೆ ಹೆಜ್ಜೆ ಹಾಕಿ ನೋಡಿದೆ. ಕೋಣೆಯೊಂದಕ್ಕೆ ನನ್ನ ಹೆಜ್ಜೆಯಲ್ಲಿ ನಾಲ್ಕು ಬೇಕು. ಬೇಲಿಗೆ ಇನ್ನೂ ಹದಿನೇಳು ಹೆಜ್ಜೆ ಇದೆ.